ಕೊಡಗಿನ ಏರಿನಲ್ಲಿ ಇಂಜಿನ್ ದೀಪ ಮಿಣುಕಿದಾಗ

ಮೈಸೂರಿನಿಂದ ಕುಶಾಲನಗರದವರೆಗೆ ಕಾರು ತುಟಿ ಪಿಟಕ್ಕೆನ್ನಲಿಲ್ಲ. ಆನೆಕಾಡಿನ ತಿರುವುಗಳು, ಸುಂಟಿಕೊಪ್ಪ, ಎಲ್ಲವೂ ಸಲೀಸು. ಬೋಯಿಕೇರಿಯ ಹತ್ತಿರ ಏರಿನಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದೆ ನೋಡಿ, ಬಿಕ್ಕಳಿಕೆ ಶುರುವಾಯಿತು. ಪಿಕಪ್ ಬಿದ್ದಿತು, ಸ್ಟೀರಿಂಗ್ ಕೈಯಲ್ಲಿ ನಡುಗಿತು, ಮೀಟರಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಮಿಣಮಿಣ ಮಿಣುಕತೊಡಗಿತು. ಜುಲೈ ತಿಂಗಳು, ಸೋನೆ ಮಳೆ, ಹಿಂದಿನ ಸೀಟಿನಲ್ಲಿ ತಲಕಾವೇರಿಯ ತೀರ್ಥಕ್ಕೆಂದು ಹೊರಟ ಅತ್ತೆ.

ಈ ದೀಪ ಸ್ಥಿರವಾಗಿ ಉರಿಯುವುದು ಬೇರೆ, ಮಿಣುಕುವುದು ಬೇರೆ. ಸ್ಥಿರವಾಗಿ ಉರಿದರೆ, ಗಾಡಿ ಸರಿಯಾಗಿ ಓಡುತ್ತಿದ್ದು ಬಿಸಿ ಮತ್ತು ಆಯಿಲ್ ದೀಪಗಳು ಹತ್ತಿಲ್ಲವೆಂದರೆ, ನಿಧಾನವಾಗಿ ಊರು ಸೇರಿ ತೋರಿಸಬಹುದು. ಮಿಣುಕಿದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಹೋಗುತ್ತಿದೆ ಎಂದರ್ಥ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಮಿಸ್ಸಿಂಗ್’. ಆ ಪೆಟ್ರೋಲ್ ಹೊಗೆಕೊಳವೆಯಲ್ಲಿದ್ದು ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತದೆ, ಕನ್ವರ್ಟರ್ ಒಳಗೊಳಗೇ ಕರಗುತ್ತದೆ. ಒಂದು ಕಾಯಿಲ್‌ನಲ್ಲಿ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಸಾಮಾನು) ಮುಗಿಯಬೇಕಾದ ಖರ್ಚು ಹತ್ತಾರು ಸಾವಿರಕ್ಕೆ ಏರುವುದು ಹೀಗೆ. ‘ಮಡಿಕೇರಿ ಇನ್ನೇನು ಬಂತು, ಹೇಗೋ ಹತ್ತಿಸೋಣ’ ಎನ್ನುವವರು ಇದನ್ನು ನೆನಪಿಡಬೇಕು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಅಗಲವಾದ ಜಾಗ ಸಿಗುವವರೆಗೆ ತೆವಳಿ, ಹಜಾರ್ಡ್ ದೀಪ ಹಾಕಿ ಇಂಜಿನ್ ಆರಿಸಿದೆ. ಮಂಜು ಕವಿದ ತಿರುವಿನಲ್ಲಿ ಮಾತ್ರ ನಿಲ್ಲಿಸಲೇಬೇಡಿ, ಮೇಲಿಂದ ಬರುವ ಬಸ್ಸಿಗೆ ನೀವು ಕಾಣುವುದಿಲ್ಲ. ಬೇಸಿಗೆಯಲ್ಲಾದರೆ ಒಣಹುಲ್ಲಿನ ಮೇಲೂ ಬೇಡ, ಕಾದ ಕನ್ವರ್ಟರ್ ಬೆಂಕಿ ಹಚ್ಚೀತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದಾಗ ದೀಪ ಮಿಣುಕದೆ ಸ್ಥಿರವಾಗಿ ಉರಿಯಿತು. ಮುಂದೆ ಮಡಿಕೇರಿಗೆ ಏರು, ಹಿಂದೆ ಸುಂಟಿಕೊಪ್ಪಕ್ಕೆ ಇಳಿಜಾರು. ಕಾರನ್ನು ಹಿಂದಕ್ಕೆ ತಿರುಗಿಸಿದೆ. ಗೇರ್‌ನಲ್ಲಿಟ್ಟು ಇಳಿಯುವಾಗ ಇಂಜಿನ್‌ಗೆ ಭಾರವಿರುವುದಿಲ್ಲ, ಪೆಟ್ರೋಲ್ ಕೂಡ ಬಹುಪಾಲು ನಿಂತಿರುತ್ತದೆ. ದೀಪ ಮಿಣುಕುತ್ತಲೇ ಇದ್ದಿದ್ದರೆ ಅದನ್ನೂ ಮಾಡುತ್ತಿರಲಿಲ್ಲ, ವಿಮೆಯವರ ಟೋಯಿಂಗ್‌ಗೆ ಫೋನ್ ಮಾಡುತ್ತಿದ್ದೆ. ಇದು ರಾಷ್ಟ್ರೀಯ ಹೆದ್ದಾರಿ 275, ಹಾಗಾಗಿ ಹೆದ್ದಾರಿ ಸಹಾಯವಾಣಿ 1033ಕ್ಕೂ ಕರೆ ಮಾಡಬಹುದು.

ಸುಂಟಿಕೊಪ್ಪದ ಪುಟ್ಟ ಗ್ಯಾರೇಜಿನಲ್ಲಿ ಹುಡುಗ ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ಸಿಕ್ಕಿಸಿದ. ಮೊಬೈಲಿನಲ್ಲಿ ಮೂಡಿದ ದೋಷದ ಕೋಡ್ ಪಿ0303. ಕೊನೆಯ ಅಂಕಿ ಸಿಲಿಂಡರ್‌ನದು: ಮೂರನೆಯದು. (ಪಿ0300 ಬಂದರೆ ಯಾವುದೇ ಒಂದು ಸಿಲಿಂಡರ್‌ನ ಮೇಲೆ ಬೊಟ್ಟು ಮಾಡಿಲ್ಲ ಎಂದು ತಿಳಿಯಬೇಕು.) ಕೋಡ್ ಓದುವ ಮೊದಲು ಬ್ಯಾಟರಿ ಬಿಚ್ಚಿ ದೀಪ ಆರಿಸುತ್ತೇನೆ ಎನ್ನುವವರ ಕೈಗೆ ಗಾಡಿ ಕೊಡಬೇಡಿ. ದೀಪದ ಜೊತೆ ಸುಳಿವೂ ಅಳಿಸಿಹೋಗುತ್ತದೆ.

ಕೋಡ್ ಸಿಲಿಂಡರ್ ತೋರಿಸುತ್ತದೆ, ಕೆಟ್ಟ ಸಾಮಾನನ್ನಲ್ಲ. ಕಾಯಿಲ್, ಕಿಡಿ ಹಾರಿಸುವ ಪ್ಲಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಯಾವುದೂ ಇರಬಹುದು. ಹುಡುಗ ಇಂಜಿನ್ ಆರಿಸಿ ಮೂರನೆಯ ಕಾಯಿಲ್ ಎಳೆದ. ತುದಿಯ ರಬ್ಬರಿನಲ್ಲಿ ಕೂದಲೆಳೆಯ ಸೀಳು, ಪ್ಲಗ್ಗಿನ ಗುಂಡಿಯಲ್ಲಿ ಅರ್ಧ ಚಮಚ ನೀರು.

“ವಾಟರ್ ಸರ್ವಿಸ್ ಮಾಡಿಸಿದ್ದೀರಾ ಸಾರ್?”

ಹೊರಡುವ ಹಿಂದಿನ ದಿನ ಬಾನೆಟ್ ತೆರೆಸಿ, ಇಂಜಿನ್‌ಗೂ ಪೈಪಿನಿಂದ ಜೋರಾಗಿ ನೀರು ಹೊಡೆಸಿದ್ದೆ. ದುಡ್ಡು ಕೊಟ್ಟು ತಂದುಕೊಂಡ ಕಾಟ. ಸಮತಟ್ಟಿನಲ್ಲಿ ತೊಂದರೆ ಕಾಣಲಿಲ್ಲ. ಏರಿನಲ್ಲಿ ಸಿಲಿಂಡರ್ ಒತ್ತಡ ಹೆಚ್ಚುತ್ತದೆ, ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಆ ವೋಲ್ಟೇಜ್ ಪ್ಲಗ್ಗಿನ ತುದಿಗೆ ಹೋಗುವ ಬದಲು ಸೀಳಿನಿಂದ ಹೊರಗೆ ಹಾರುತ್ತದೆ. ಮೈಸೂರಿನ ರಿಂಗ್ ರಸ್ತೆಯಲ್ಲಿ ಚೆನ್ನಾಗಿ ಓಡುವ ಗಾಡಿಯ ಬಣ್ಣವನ್ನು ಕೊಡಗಿನ ರಸ್ತೆ ಬಯಲು ಮಾಡುವುದು ಹೀಗೆ.

ನಾನು ಪ್ಲಗ್ ಬಿಚ್ಚಲು ಅವಸರ ಮಾಡಿದೆ. ಅವನು ತಡೆದು ಮೊದಲು ಗಾಳಿ ಹೊಡೆದು ಗುಂಡಿ ಒಣಗಿಸಿದ, ಇಲ್ಲದಿದ್ದರೆ ಆ ನೀರು ಸಿಲಿಂಡರ್‌ಗೆ ಇಳಿಯುತ್ತಿತ್ತು. ನಂತರ ಮೂರನೆಯ ಕಾಯಿಲನ್ನು ಎರಡಕ್ಕೆ, ಎರಡನೆಯದನ್ನು ಮೂರಕ್ಕೆ ಹಾಕಿ, ಕೋಡ್ ಅಳಿಸಿ, ಊರಾಚೆ ಏರಿನಲ್ಲಿ ಓಡಿಸಿ ತಂದ. ಈಗ ಪಿ0302. ಕಳ್ಳನ ಮನೆ ಬದಲಿಸಿದೆವು, ದೂರೂ ಅವನ ಹಿಂದೆಯೇ ಹೋಯಿತು. ಕೋಡ್ ಅಲ್ಲೇ ಉಳಿದಿದ್ದರೆ ಮುಂದೆ ಪ್ಲಗ್ ಅದಲುಬದಲು ಮಾಡಬೇಕಿತ್ತು, ಆಮೇಲೆ ಇಂಜೆಕ್ಟರ್. ಊಹೆಯ ಮೇಲೆ ಎಲ್ಲವನ್ನೂ ಬದಲಿಸಿ ಬಿಲ್ ಏರಿಸುವುದು ತಪ್ಪುತ್ತದೆ. ಡೀಸೆಲ್ ಗಾಡಿಯವರಿಗೆ ಮಾತ್ರ ಈ ಉಪಾಯ ಒಗ್ಗದು, ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ.

ಕಾಯಿಲ್ ಕುಶಾಲನಗರದಿಂದ ಬಸ್ಸಿನಲ್ಲಿ ಬರಬೇಕಾಯಿತು. ಕಾಯಿಲ್‌ಗೆ 2,200 ರೂಪಾಯಿ, ಕೂಲಿ 400. ಸವೆದಿದ್ದ ನಾಲ್ಕು ಪ್ಲಗ್ಗುಗಳನ್ನೂ ಬದಲಿಸಿದೆ, ಅದರ ಲೆಕ್ಕ ಬೇರೆ. ಮೂರು ಗಂಟೆ ಹೋಯಿತು, ಅಷ್ಟರಲ್ಲಿ ಅತ್ತೆ ಎದುರಿನ ಹೋಟೆಲಿನವರ ಮನೆಯ ಕಷ್ಟಸುಖವನ್ನೆಲ್ಲ ತಿಳಿದುಕೊಂಡಿದ್ದರು.

ಇಂಥ ರಿಪೇರಿಯನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಮುಗಿಸಿಯೇ ಮುಂದಕ್ಕೆ ಹೋಗಿ. ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿ.ಮೀ., ಅಲ್ಲಿಂದ ತಲಕಾವೇರಿಗೆ ಇನ್ನೂ 8 ಕಿ.ಮೀ. ಏರು, ನಡುವೆ ಮೊಬೈಲ್ ಸಿಗ್ನಲ್ ನಂಬಿಕೊಳ್ಳುವಂತಿಲ್ಲ. ಗಾಡಿ ಸಿದ್ಧವಾಗದಿದ್ದರೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಬಸ್ಸಿದೆ, ಗ್ಯಾರೇಜಿನಲ್ಲಿ ಬಿಟ್ಟು ಹೋಗಿ ಬನ್ನಿ.

ಮರುದಿನ ಬೆಳಿಗ್ಗೆ ತಲಕಾವೇರಿಯ ಕೊನೆಯ ಏರನ್ನು ಎರಡನೇ ಗೇರ್‌ನಲ್ಲಿ ಹತ್ತಿದೆವು, ದೀಪ ಹತ್ತಲಿಲ್ಲ. ದರ್ಶನ ಮುಗಿಸಿ ಬಂದ ಅತ್ತೆ ತೀರ್ಥದ ಬಾಟಲಿ ಹಿಡಿದು, “ಅಳಿಯಂದಿರೇ, ಸ್ವಲ್ಪ ಬಾನೆಟ್ ತೆಗೆಯಿರಿ, ಇಂಜಿನ್‌ಗೂ ಪ್ರೋಕ್ಷಣೆ ಮಾಡುತ್ತೇನೆ” ಎಂದರು. ಹೊರಗಿನಿಂದಲೇ ಸಾಕು ಎಂದು ಕೈಮುಗಿದೆ.