ಮಂಗಳವಾರದಿಂದ ಶನಿವಾರದವರೆಗೆ

2024ರ ಮಾರ್ಚ್ 12, ಮಂಗಳವಾರ. ಮಧ್ಯಾಹ್ನ ನಾಲ್ಕು ಗಂಟೆ ಹೊತ್ತಿಗೆ ನಾನು ಲ್ಯಾಬಲ್ಲಿ ಸ್ಯಾಂಪಲ್ ಮಗ್ಗದ ಮುಂದೆ ಕೂತಿದ್ದೆ, ಬೆಳಗ್ಗೆಯಿಂದ ಹಾಸಿನ ಎಳೆ ಕಡೀತಾನೇ ಇತ್ತು, ಗಂಟು ಹಾಕೋದು ಮಷಿನ್ ಓಡಿಸೋದು ಮತ್ತೆ ಕಡಿಯೋದು. ನಮ್ ಲ್ಯಾಬಿನ ಮಷಿನ್‌ಗಳನ್ನೆಲ್ಲ ನೋಡ್ಕೊಳ್ಳೋ ಯಜಮಾನ್ರು ಒಬ್ರಿದಾರೆ, ಇನ್ನೇನು ರಿಟೈರ್ ಆಗೋ ವಯಸ್ಸು, ಕೆಲಸ ಬಿಟ್ಟು ಆಚೀಚೆ ಹೋಗೋರೇ ಅಲ್ಲ. ಅವತ್ತು ನಾಲ್ಕೂಕಾಲಿಗೆ ಕೈ ಒರೆಸ್ಕೊಂಡು ತಮ್ ರೂಮಿಗೆ ಹೋಗಿ ಕುರ್ಚಿ ಎಳ್ಕೊಂಡ್ರು. ಯಾಕೆ ಅಂತ ಕೇಳಿದ್ರೆ ಇವತ್ತು ನಮ್ ಮ್ಯಾಚ್ ಇದೆ ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಯಾಕಂದ್ರೆ ನಮ್ ಯೂನಿವರ್ಸಿಟಿ ಬಾಸ್ಕೆಟ್‌ಬಾಲ್ ಟೀಮ್ ಕೊನೇ ನಾಲ್ಕು ಮ್ಯಾಚ್ ಸಾಲಾಗಿ ಸೋತಿತ್ತು, ಅದ್ರಲ್ಲಿ ಯಾರಿಗೂ ಇನ್ನೇನೂ ಆಸೆ ಉಳಿದಿಲ್ಲ ಅಂತಾನೇ ನಾನು ಅಂದ್ಕೊಂಡಿದ್ದೆ.

ನಮ್ಮೂರು ದೊಡ್ಡಬಳ್ಳಾಪುರ. ಮನೇಲಿ ನಾಲ್ಕು ಪವರ್ ಲೂಮ್, ಲಾಳಿ ಸದ್ದು ಕೇಳ್ಕೊಂಡೇ ಬೆಳೆದಿದ್ದು. ಜವಳಿ ಓದ್ಬೇಕು ಅಂತ ಹುಡುಕ್ತಾ ಹುಡುಕ್ತಾ ಬಂದು ಸೇರಿದ್ದು ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಗೆ, ರಾಲಿ ಅನ್ನೋ ಊರಲ್ಲಿದೆ, ಎಲ್ರೂ ಎನ್‌ಸಿ ಸ್ಟೇಟ್ ಅಂತಾರೆ, ಜವಳಿ ವಿಭಾಗಕ್ಕೆ ತುಂಬಾ ಹೆಸರು. ಬಾಸ್ಕೆಟ್‌ಬಾಲ್ ಬಗ್ಗೆ ನಂಗೆ ಸ್ಕೂಲ್ ಗ್ರೌಂಡಲ್ಲಿ ನೋಡಿದ್ದಷ್ಟೇ ಗೊತ್ತು. ಆದ್ರೆ ಈ ಊರಲ್ಲಿ ಅದು ನಮ್ ಕಡೆ ಕ್ರಿಕೆಟ್ ಇದ್ದಂಗೆ. ಪಕ್ಕದ ಡರ್ಹಮ್‌ನಲ್ಲಿ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ ಯುಎನ್‌ಸಿ ಅಂದ್ರೆ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ, ಮೂರೂ ಕಾಲೇಜು ಅರ್ಧ ಮುಕ್ಕಾಲು ಗಂಟೆ ದಾರಿಯೊಳಗೆ. ಒಂದೇ ಮನೇಲಿ ಅಣ್ಣ ಒಂದು ಟೀಮು ತಂಗಿ ಇನ್ನೊಂದು ಟೀಮು ಇರೋದು ಇಲ್ಲಿ ಸಾಮಾನ್ಯ.

ಕಾನ್ಫರೆನ್ಸ್ ಅಂದ್ರೇನು ಅಂತ ನಂಗೆ ಹೇಳ್ಕೊಟ್ಟಿದ್ದೂ ಯಜಮಾನ್ರೇ. ಅಮೆರಿಕದ ಕಾಲೇಜು ಟೀಮುಗಳೆಲ್ಲ ಗುಂಪು ಗುಂಪಾಗಿ ಆಡ್ತವೆ, ನಮ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಎಸಿಸಿ ಅಂತಾರೆ, ಆ ವರ್ಷ 15 ಟೀಮು. ಚಳಿಗಾಲ ಪೂರ್ತಿ ಪ್ರತಿ ಟೀಮು ಗುಂಪಿನೊಳಗೆ 20 ಮ್ಯಾಚ್ ಆಡಿತ್ತು. ಅಲ್ಲಿಗೆ ಸೀಸನ್ ಮುಗೀತು. ಆಮೇಲೆ ಮಾರ್ಚ್‌ನಲ್ಲಿ ಐದು ದಿನದ ನಾಕೌಟ್, ಆ ಸಲ ವಾಷಿಂಗ್ಟನ್‌ನಲ್ಲಿ. ನಮ್ ಐಪಿಎಲ್‌ನಲ್ಲಿ ಹತ್ತರಲ್ಲಿ ನಾಲ್ಕೇ ಟೀಮು ಪ್ಲೇಆಫ್‌ಗೆ ಹೋಗೋದಲ್ವಾ, ಇಲ್ಲಿ ಆ ವರ್ಷ 15ಕ್ಕೆ 15 ಟೀಮಿಗೂ ಬಾಗಿಲು ತೆಗ್ದಿತ್ತು, ಕೊನೇ ಸ್ಥಾನದವ್ರಿಗೂ. ಆದ್ರೆ ಮೊದಲ ನಾಲ್ಕು ಟೀಮುಗಳು ಗುರುವಾರದವರೆಗೂ ಆರಾಮಾಗಿ ಕೂತಿರ್ತವೆ, ಅವ್ರು ಮೂರು ಮ್ಯಾಚ್ ಗೆದ್ರೆ ಕಪ್ಪು. ಐದರಿಂದ ಒಂಬತ್ತನೇ ಸ್ಥಾನದವ್ರು ಬುಧವಾರದಿಂದ. ಹತ್ತನೇ ಸ್ಥಾನದಿಂದ ಕೆಳಗಿನವ್ರು ಮಂಗಳವಾರದಿಂದಾನೇ ಆಡ್ಬೇಕು, ಐದು ದಿನ ಐದು ಮ್ಯಾಚು, ಮಧ್ಯೆ ಒಂದು ದಿನಾನೂ ಬಿಡುವಿಲ್ಲ. ಎಸಿಸಿಯಲ್ಲಿ ಅದನ್ನ ಯಾವ ಟೀಮೂ ಅಲ್ಲಿವರೆಗೆ ಮಾಡಿರ್ಲಿಲ್ಲ. ನಮ್ ಟೀಮು 20ರಲ್ಲಿ 9 ಗೆದ್ದು 11 ಸೋತು ಸರಿಯಾಗಿ ಹತ್ತನೇ ಸ್ಥಾನದಲ್ಲಿತ್ತು. ಈ ಟೂರ್ನಮೆಂಟ್ ಗೆದ್ದವ್ರಿಗೆ 68 ಟೀಮುಗಳ ನ್ಯಾಷನಲ್ ಟೂರ್ನಮೆಂಟಿಗೆ ನೇರ ಎಂಟ್ರಿ. ಗೆಲ್ದೇ ಇದ್ರೆ ನಮ್ಮಂಥ ಟೀಮನ್ನ ಯಾರೂ ಕರೆಯೋ ಹಾಗಿರ್ಲಿಲ್ಲ.

ಯಜಮಾನ್ರ ರೂಮಲ್ಲಿ ಹಳೇ ಮಾನಿಟರ್ ಒಂದಿದೆ, ಅದ್ರಲ್ಲಿ ಮ್ಯಾಚ್ ಹಾಕಿ ಸೌಂಡ್ ಆಫ್ ಮಾಡಿ ಕಾಮೆಂಟರಿನ ರೇಡಿಯೋದಲ್ಲಿ ಕೇಳ್ತಾರೆ, ಹುಡುಗನಾಗಿದ್ದಾಗಿಂದ ಹಂಗೇ ಅಂತೆ. ನಾನೂ ಮಗ್ಗ ನಿಲ್ಸಿ ಹೋಗಿ ಬಾಗಿಲ ಹತ್ರ ನಿಂತೆ. ಲೂಯಿವಿಲ್ ಮೇಲೆ 94–85. ಮ್ಯಾಚ್ ಮುಗಿದ್ಮೇಲೆ ಅವ್ರು ಎದ್ದು ವೈಟ್‌ಬೋರ್ಡ್ ಮೂಲೇಲಿ ಒಂದು ಗೆರೆ ಎಳೆದು ಏನೂ ಮಾತಾಡ್ದೆ ಮನೆಗೆ ಹೋದ್ರು. ಬುಧವಾರ ಸಿರಾಕ್ಯೂಸ್ ಮೇಲೆ 83–65, ಎರಡನೇ ಗೆರೆ.

ಗುರುವಾರ ಡ್ಯೂಕ್. ಎರಡನೇ ಸ್ಥಾನದ ಟೀಮು, ಅವತ್ತೇ ಅವ್ರ ಮೊದಲ ಮ್ಯಾಚು, ನಮ್ದು ಮೂರನೇದು. ಹತ್ತು ದಿನದ ಹಿಂದಷ್ಟೇ ನಮ್ ಊರಲ್ಲೇ ಬಂದು ನಮ್ಮನ್ನ ಸೋಲಿಸಿ ಹೋಗಿದ್ರು. ಮಧ್ಯಾಹ್ನ ಊಟದ ಹೊತ್ತಲ್ಲಿ ಯಜಮಾನ್ರು ತಾವಾಗೇ ಮಾತಿಗೆ ಕೂತ್ರು, ಅಷ್ಟು ಹೊತ್ತು ಅವ್ರು ಮಾತಾಡಿದ್ದು ನಾನು ಅದೇ ಮೊದಲು ನೋಡಿದ್ದು. ಈ ಟೂರ್ನಮೆಂಟ್ ಹುಟ್ಟಿದ್ದೇ ನಮ್ ಕ್ಯಾಂಪಸ್ಸಲ್ಲಿ, 1954ರಲ್ಲಿ, ರೆನಾಲ್ಡ್ಸ್ ಕೊಲೀಸಿಯಂನಲ್ಲಿ, ಮೊದಲ ಕಪ್ಪು ಗೆದ್ದಿದ್ದೂ ನಾವೇ ಅಂದ್ರು. ನಾನು ಎಷ್ಟು ಸಲ ಆ ಇಟ್ಟಿಗೆ ಬಿಲ್ಡಿಂಗ್ ಪಕ್ಕದಲ್ಲೇ ನಡ್ಕೊಂಡು ಹೋಗಿದೀನಿ! ಆಗ ಗುಂಪಿನಿಂದ ನ್ಯಾಷನಲ್‌ಗೆ ಹೋಗೋದು ಒಂದೇ ಟೀಮು, ಟೂರ್ನಮೆಂಟ್ ಗೆದ್ದವ್ರು ಮಾತ್ರ. 1974ರ ಫೈನಲ್‌ನಲ್ಲಿ ಎನ್‌ಸಿ ಸ್ಟೇಟ್ ಮೇರಿಲ್ಯಾಂಡ್ ಮೇಲೆ ಓವರ್‌ಟೈಮಲ್ಲಿ, ಅಂದ್ರೆ ಸಮ ಆದ್ಮೇಲೆ ಕೊಡೋ ಹೆಚ್ಚುವರಿ ಆಟದಲ್ಲಿ, 103–100ರಲ್ಲಿ ಗೆಲ್ತು, ಆ ವರ್ಷ ನ್ಯಾಷನಲ್ ಕಪ್ಪೂ ನಮ್ದೇ ಆಯ್ತು, ಆದ್ರೆ ಅಷ್ಟು ಒಳ್ಳೇ ಮೇರಿಲ್ಯಾಂಡ್ ಟೀಮು ಮನೇಲಿ ಕೂರಬೇಕಾಯ್ತು. ಮುಂದಿನ ವರ್ಷದಿಂದ ಒಂದು ಗುಂಪಿಂದ ಒಂದಕ್ಕಿಂತ ಜಾಸ್ತಿ ಟೀಮು ಹೋಗ್ಬೋದು ಅಂತ ರೂಲ್ ಬಂತು. ಗೆದ್ದವ್ರಾಗಿದ್ರೂ ಮೇರಿಲ್ಯಾಂಡ್ ಹುಡುಗ್ರ ಬಗ್ಗೆ ಹೇಳೋವಾಗ ಯಜಮಾನ್ರ ಧ್ವನಿ ಇಳೀತು, ಅದು ನಂಗೆ ತುಂಬಾ ಹಿಡಿಸ್ತು.

ನಾವು ಕೊನೇ ಸಲ ಎಸಿಸಿ ಗೆದ್ದಿದ್ದು 1987. ಜಿಮ್ ವಲ್ವಾನೋ ಕೋಚು. ಆ ಸೀಸನ್ನಲ್ಲಿ ಯುಎನ್‌ಸಿ ಗುಂಪಿನೊಳಗೆ 14ಕ್ಕೆ 14 ಗೆದ್ದು ಬಂದಿತ್ತು, ಫೈನಲ್‌ನಲ್ಲಿ ನಮ್ ವಿನ್ನಿ ಡೆಲ್ ನೆಗ್ರೋ ಕೊನೇಲಿ ಫ್ರೀ ಥ್ರೋ, ಎದುರಾಳಿ ಫೌಲ್‌ಗೆ ಸಿಗೋ ಅಡ್ಡಿಯಿಲ್ಲದ ಎಸೆತ, ಹಾಕಿ 68–67. ಅದೂ ವಾಷಿಂಗ್ಟನ್ ಪಕ್ಕದಲ್ಲೇ ನಡೆದಿದ್ದು. ಯಜಮಾನ್ರು ಆಗ ಇಲ್ಲೇ ಸ್ಟೂಡೆಂಟು. ಆಮೇಲೆ 37 ವರ್ಷ. ಮದುವೆ ಆಯ್ತು ಮಕ್ಳಾದ್ರು ಮಕ್ಳ ಮದುವೆ ಆಯ್ತು, ಪ್ರತಿ ಮಾರ್ಚ್‌ನಲ್ಲೂ ಹೀಗೇ ರೇಡಿಯೋ ಹಾಕ್ಕೊಂಡು ಕೂತಿದೀನಿ ಅಂದ್ರು. ಅವತ್ತು ರಾತ್ರಿ 74–69, ಡ್ಯೂಕ್ ಮನೆಗೆ.

ಇಷ್ಟರಲ್ಲಿ ನಂಗೂ ಆಟಗಾರ್ರ ಪರಿಚಯ ಆಗಿತ್ತು. ಡಿಜೆ ಬರ್ನ್ಸ್ ಅಂತ ಒಬ್ಬ, ಆರಡಿ ಒಂಬತ್ತಿಂಚು, ಭಾರೀ ಮೈಕಟ್ಟು, ಎಡಗೈ ಆಟ, ಬೆನ್ನು ಕೊಟ್ಟು ಎದುರಾಳಿನ ಮೆಲ್ಲಗೆ ತಳ್ಕೊಂಡು ತಳ್ಕೊಂಡು ಹೋಗಿ ತಟ್ಟನೆ ತಿರುಗಿ ಬಾಲನ್ನ ಎಷ್ಟು ನಾಜೂಕಾಗಿ ಬಿಡ್ತಾನೆ ಅಂದ್ರೆ, ಅಷ್ಟು ದೊಡ್ಡ ಕೈಯಲ್ಲಿ ಅಷ್ಟು ಮೆದು ಎಲ್ಲಿಂದ ಬರತ್ತೋ ಅನ್ಸತ್ತೆ. ಡಿಜೆ ಹಾರ್ನ್ ರಾಲಿ ಕಡೆ ಹುಡುಗಾನೇ, ಬೇರೆ ಬೇರೆ ಕಾಲೇಜಲ್ಲಿ ಆಡಿ ಕೊನೇ ವರ್ಷಕ್ಕೆ ಊರಿಗೆ ಬಂದಿದ್ದ. ಮೊಹಮದ್ ಡಿಯಾರಾ ಫ್ರಾನ್ಸಿಂದ ಬಂದವ್ನು, ಆ ವಾರಾನೇ ರಂಜಾನ್ ಶುರುವಾಗಿತ್ತು, ಉಪವಾಸ ಹಿಡಿದ್ಕೊಂಡೇ ಈ ಐದು ದಿನಾನೂ ಆಡ್ತಿದ್ದ. ಮಂಗಳವಾರದ ಮ್ಯಾಚು ಹಗಲಲ್ಲಿ, ನೀರೂ ಇಲ್ದೆ! ನಮ್ಮನೆ ಪಕ್ಕದ ಮಗ್ಗದಲ್ಲಿ ಕೆಲಸ ಮಾಡೋ ಅಣ್ಣಂದಿರು ರೋಜಾ ಇಟ್ಕೊಂಡು ದಿನವಿಡೀ ನಿಂತು ಮಗ್ಗ ನಡೆಸೋದು ನೋಡಿದೀನಿ, ಹಾಗಾಗಿ ಡಿಯಾರಾ ರಿಂಗಿಗೆ ಬಡಿದು ವಾಪಸ್ ಬರೋ ಬಾಲ್ ಹಿಡಿಯೋಕೆ ಜಿಗಿದಾಗೆಲ್ಲ ನಂಗೆ ಎದೆ ತುಂಬ್ತಿತ್ತು.

ಶುಕ್ರವಾರ ಸೆಮಿಫೈನಲ್, ವರ್ಜೀನಿಯಾ ಜೊತೆ, ರಾತ್ರಿ ಒಂಬತ್ತೂವರೆಗೆ ಅಂತ ಇದ್ದಿದ್ದು. ಯಜಮಾನ್ರು ಮನೆಗೆ ಹೋಗಿದ್ರು. ನಾನು ಮಗ್ಗ ಬಿಟ್ಟು ಏಳೋ ಹಾಗಿರ್ಲಿಲ್ಲ, ಲ್ಯಾಪ್‌ಟಾಪನ್ನ ನೂಲಿನ ಪೆಟ್ಟಿಗೆ ಮೇಲಿಟ್ಟು ಒಂದು ಕಣ್ಣು ಹಾಸಿನ ಮೇಲೆ ಒಂದು ಕಣ್ಣು ಅಲ್ಲಿ. ವರ್ಜೀನಿಯಾದವ್ರು ನಿಧಾನದ ಆಟಕ್ಕೆ ಹೆಸರಾದವ್ರು, ಪಾಯಿಂಟೇ ಬರ್ತಿರ್ಲಿಲ್ಲ. ಕೊನೇಲಿ ಐದು ಸೆಕೆಂಡ್ ಚಿಲ್ರೆ ಉಳಿದಿದೆ, ಅವ್ರು 58 ನಾವು 55, ಫ್ರೀ ಥ್ರೋ ಅವ್ರದ್ದೇ. ಮೊದಲನೇದು ಹಾಕಿದ್ರೆ ಮಾತ್ರ ಎರಡನೇದು ಸಿಗೋ ಥರದ್ದು. ಸರಿಯಾಗಿ ಆಗ ಅಪ್ಪನ ಫೋನು. ಅಲ್ಲಿ ಶನಿವಾರ ಬೆಳಗ್ಗೆ, ಹಿಂದೆ ಮಗ್ಗದ ಸದ್ದು. ಮಿಸ್ ಆಯ್ತು ಫ್ರೀ ಥ್ರೋ! ಮೈಕಲ್ ಓ'ಕಾನೆಲ್ ಅನ್ನೋ ಹುಡುಗ ಬಾಲ್ ಹಿಡ್ಕೊಂಡು ಆ ತುದಿಯಿಂದ ಓಡಿ ಬಂದು ಮೂರು ಪಾಯಿಂಟ್ ಗೆರೆ ಹಿಂದಿಂದ ಎಸೆದ, ಅದು ಬೋರ್ಡಿಗೆ ಬಡಿದು ರಿಂಗ್ ಮೇಲೆ ಕುಣಿದು, ಒಳಗೆ ಬಿತ್ತು. ಟೈಮ್ ಮುಗಿದಿತ್ತು. 58–58. ನಾನು ಕಿರುಚಿದ್ದಕ್ಕೆ ಅಪ್ಪ ಹೆದ್ರಿ "ಏನಾಯ್ತೇ ಪುಟ್ಟಿ, ಕೈಗೇನಾದ್ರೂ ಸಿಕ್ಕಾಕ್ಕೊಂತಾ?" ಅಂತ ಕೂಗ್ತಿದಾರೆ, ಮಗ್ಗದ ಮನೇಲಿ ಹುಟ್ಟಿದವ್ರಿಗೆ ಮೊದ್ಲು ಬರೋ ಯೋಚನೆ ಅದೇ. ಇಲ್ಲಪ್ಪ ಗೆಲ್ತೀವಿ ಗೆಲ್ತೀವಿ ಅಂದೆ. ಏನ್ ಗೆಲ್ತೀವಿ ಅಂತ ಅವ್ರಿಗೆ ತಿಳೀಲಿಲ್ಲ, ಆದ್ರೂ ಫೋನ್ ಇಡ್ಲಿಲ್ಲ, ಆ ಕಡೆ ಮಗ್ಗ ನಿಲ್ಸಿ ಓವರ್‌ಟೈಮ್ ಮುಗಿಯೋವರೆಗೂ ಲೈನಲ್ಲೇ ಇದ್ರು. 73–65. ಮಧ್ಯರಾತ್ರಿ ನಾನೇ ಹೋಗಿ ಬೋರ್ಡ್ ಮೇಲೆ ನಾಲ್ಕನೇ ಗೆರೆ ಎಳೆದೆ.

ಶನಿವಾರ ಫೈನಲ್ಲು ಯುಎನ್‌ಸಿ ಜೊತೆ, ಮೊದಲನೇ ಸ್ಥಾನ, 20ರಲ್ಲಿ 17 ಗೆದ್ದವ್ರು, ಕಾನ್ಫರೆನ್ಸಿನ ಆ ವರ್ಷದ ಬೆಸ್ಟ್ ಪ್ಲೇಯರ್ ಆರ್‌ಜೆ ಡೇವಿಸ್ ಅವ್ರ ಕಡೆ. ನಾನು ರೂಮ್‌ಮೇಟ್ಸ್ ಜೊತೆ ಹಿಲ್ಸ್‌ಬರೋ ಸ್ಟ್ರೀಟಿಗೆ ಹೋದೆ, ನಿಲ್ಲೋಕೂ ಜಾಗ ಇಲ್ಲ, ಎಲ್ಲಿ ನೋಡಿದ್ರೂ ಕೆಂಪು ಅಂಗಿ. ಐದನೇ ದಿನ ಐದನೇ ಮ್ಯಾಚು, ಈಗ ಕಾಲು ಸೋಲತ್ತೆ, ಈಗ ಸೋಲತ್ತೆ ಅಂತ ನಾನು ಕಾಯ್ತಾನೇ ಇದ್ದೆ, ಸೋಲ್ಲೇ ಇಲ್ಲ. ಹಾರ್ನ್ 29 ಪಾಯಿಂಟು, ಬರ್ನ್ಸ್ 20. 84–76. ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿ ಒಬ್ರು ನನ್ನನ್ನ ತಬ್ಕೊಂಡು ಅತ್ರು, ನಂಗೂ ಅಳು ಬಂತು.

ಆಮೇಲೆ ಸ್ಕ್ರೀನಲ್ಲಿ ಒಂದು ನೋಡಿದೆ. ಏಣಿ ತಂದ್ರು, ಒಬ್ಬೊಬ್ರಾಗಿ ಹತ್ತಿ ಕತ್ರಿಯಿಂದ ಬಾಸ್ಕೆಟ್ಟಿನ ಬಲೆಯ ಒಂದೊಂದು ಎಳೆ ಕತ್ತರಿಸ್ಕೊಂಡ್ರು. ಈ ಪದ್ಧತಿನ ಕಾಲೇಜು ಬಾಸ್ಕೆಟ್‌ಬಾಲಿಗೆ ತಂದಿದ್ದು ಎನ್‌ಸಿ ಸ್ಟೇಟಿನ ಹಳೇ ಕೋಚ್ ಎವರೆಟ್ ಕೇಸ್, 1947ರಲ್ಲಿ, ಅಂತ ಇಲ್ಲಿ ಎಲ್ರೂ ಹೆಮ್ಮೆಯಿಂದ ಹೇಳ್ತಾರೆ. ನಮ್ಮನೇಲಿ ಸೀರೆ ಪೂರ್ತಿ ಆದ್ಮೇಲೆ ಮಗ್ಗದಿಂದ ಕತ್ತರಿಸೋ ಹೊತ್ತಲ್ಲಿ ಅಜ್ಜಿ ಕೈ ಮುಗಿದು ಆಮೇಲೆ ಕತ್ರಿ ಹಾಕ್ತಿದ್ರು. ಆ ಹುಡುಗ್ರು ಎಳೆ ಹಿಡ್ಕೊಂಡು ಇಳಿಯೋವಾಗ ಮುಖದಲ್ಲಿ ಅದೇ ಇತ್ತು.

ಕ್ಯಾಂಪಸ್ಸಿನ ಬೆಲ್‌ಟವರ್ ಹತ್ರ ಜನವೋ ಜನ. ಅಲ್ಲೇ ಯಜಮಾನ್ರು ಸಿಕ್ಕಿದ್ರು, ಹೆಂಡ್ತಿ ಕೈ ಹಿಡ್ಕೊಂಡು ಗೋಪುರದ ಕಡೆ ನೋಡ್ತಾ ನಿಂತಿದ್ರು, ಬಣ್ಣ ಮಾಸಿದ ಕೆಂಪು ಸ್ವೆಟರ್. ಏನ್ ಹೇಳ್ಬೇಕು ಅಂತ ಗೊತ್ತಾಗ್ದೆ ನಾಳೆ ಬೆಳಗ್ಗೆ ನಮ್ಮೂರ ಟೀಮಿಂದೂ ಫೈನಲ್ ಇದೆ, ಬೆಂಗಳೂರಿಂದು, ಹೆಣ್ಮಕ್ಕಳ ಕ್ರಿಕೆಟ್ ಟೀಮು, ಗಂಡಸರ ಟೀಮು 16 ವರ್ಷದಿಂದ ಒಂದ್ಸಲಾನೂ ಗೆದ್ದಿಲ್ಲ ಅಂದೆ. ಎಷ್ಟೊತ್ತಿಗೆ ಅಂತ ಕೇಳಿದ್ರು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಗಂಡ ಹೆಂಡ್ತಿ ಇಬ್ರೂ ನಮ್ಮನೆಗೆ ಬಂದ್ರು. ಉಪ್ಪಿಟ್ಟು ಮಾಡಿದ್ವಿ. ದೆಹಲಿ ಒಂದೂ ವಿಕೆಟ್ ಬೀಳ್ದೆ 64 ಹೊಡೆದಾಗ ನಮ್ ಮುಖ ನೋಡಿ ಅವ್ರೂ ಸುಮ್ನಾದ್ರು. ಸೋಫಿ ಮಾಲಿನ್ಯೂ ಒಂದೇ ಓವರಲ್ಲಿ ಮೂರು ವಿಕೆಟ್ ತೆಗೆದಾಗ ಏನಾಯ್ತು ಅಂತ ವಿವರಿಸೋ ಅಗತ್ಯಾನೇ ಬರ್ಲಿಲ್ಲ. ನಮ್ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್, ದೆಹಲಿ 113ಕ್ಕೆ ಆಲೌಟ್. ಕೊನೇ ಓವರಲ್ಲಿ ರಿಚಾ ಘೋಷ್ ಫೋರ್ ಹೊಡೆದಾಗ ಎಲ್ರಿಗಿಂತ ಮೊದ್ಲು ಎದ್ದು ನಿಂತವ್ರು ಯಜಮಾನ್ರು. ಅಪ್ಪ ವಿಡಿಯೋ ಕಾಲ್ ಮಾಡಿದ್ರು, ಅಲ್ಲಿ ರಾತ್ರಿ ಹತ್ತೂ ಮುಕ್ಕಾಲು, ಬೀದೀಲಿ ಪಟಾಕಿ. ಶುಕ್ರವಾರ ಲೈನಲ್ಲಿದ್ದವ್ರು ಇವ್ರೇ ಅಂತ ಯಜಮಾನ್ರಿಗೆ ತೋರಿಸ್ದೆ. ಒಬ್ರ ಭಾಷೆ ಒಬ್ರಿಗೆ ಬರಲ್ಲ, ಇಬ್ರೂ ಹೆಬ್ಬೆರಳು ಎತ್ತಿ ತೋರಿಸ್ತಾ ಇದ್ರು.

ಅವತ್ತು ಸಂಜೆ ನ್ಯಾಷನಲ್ ಟೂರ್ನಮೆಂಟಿನ ಪಟ್ಟಿ ಬಂತು, ಟೆಕ್ಸಸ್ ಟೆಕ್ ಜೊತೆ ನಮ್ ಮ್ಯಾಚು. ಆಮೇಲೆ ಆ ಟೀಮು ನಾಲ್ಕು ಮ್ಯಾಚ್ ಗೆದ್ದು, ಅದ್ರಲ್ಲಿ ಇನ್ನೊಂದ್ಸಲ ಡ್ಯೂಕನ್ನೂ ಸೋಲಿಸಿ, 1983ರ ನಂತರ ಮೊದಲ ಸಲ ಫೈನಲ್ ಫೋರ್‌ವರೆಗೂ, ಅಂದ್ರೆ ಕೊನೇ ನಾಲ್ಕು ಟೀಮುಗಳ ಸೆಮಿಫೈನಲ್‌ವರೆಗೂ, ಹೋಗಿ ಪರ್ಡ್ಯೂ ಕೈಲಿ 63–50ರಲ್ಲಿ ಸೋಲ್ತು. ನಮ್ ಹುಡ್ಗೀರ ಟೀಮೂ ಅದೇ ವರ್ಷ ಫೈನಲ್ ಫೋರ್‌ಗೆ ಹೋಯ್ತು. ಅದನ್ನೆಲ್ಲ ಬರೆಯೋಕೆ ಇನ್ನೊಂದು ಬರಹಾನೇ ಬೇಕು.

ಸೋಮವಾರ ಬೆಳಗ್ಗೆ ಲ್ಯಾಬಿಗೆ ಹೋದಾಗ ಬೋರ್ಡಿನ ಮೂಲೇಲಿ ನಾಲ್ಕು ಗೆರೆ ಮೇಲೆ ಐದನೇದು ಅಡ್ಡ ಹಾಕಿತ್ತು. ಕೆಳಗೆ ಅವ್ರ ಕೈಬರಹದಲ್ಲಿ, ಗುರುವಾರ, ಪಿಟ್ಸ್‌ಬರ್ಗ್. ನನ್ ಮಗ್ಗದಲ್ಲಿ ಮತ್ತೆ ಎರಡು ಎಳೆ ಕಡಿದಿತ್ತು, ಸ್ಟೂಲ್ ಎಳ್ಕೊಂಡು ಗಂಟು ಹಾಕೋಕೆ ಕೂತೆ. ಆ ಕಡೆ ರೂಮಲ್ಲಿ ರೇಡಿಯೋ ಹಾಕಿದ್ರು.