ಬಿಸಿಲಲ್ಲೂ ಹಳದಿ

ಹಳದಿ ವಜ್ರ ಸಿಕ್ಕೇಬಿಟ್ಟಿತು! ಹನ್ನೊಂದು ಸೆಂಟು (ಒಂದು ಕ್ಯಾರೆಟ್ಟಿನ ನೂರರಲ್ಲಿ ಹನ್ನೊಂದು ಪಾಲು), ಮೂರು ಮಿಲಿಮೀಟರಿಗಿಂತ ಕೂದಲೆಳೆ ಜಾಸ್ತಿ ಅಗಲ, ದುಂಡು ಕಟ್. ಅಮ್ಮನ ಮೂಗುಬೊಟ್ಟಿನ ಚಿನ್ನದ ಕೆಲಸ ಯುಗಾದಿಗೇ ಮುಗಿದಿತ್ತು. ಕರಗಿಸಿದ್ದು, ತಂತಿ ಎಳೆದದ್ದು, ಬೆಸುಗೆ, ಎಲ್ಲ ಆಗಿತ್ತು. ಆರು ತಿಂಗಳು ತಿಂದದ್ದು ಈ ಒಂದು ಹಳದಿ ವಜ್ರ.

ಮೊದಲನೆಯದನ್ನು ಅಶೋಕ ರಸ್ತೆಯಲ್ಲಿ ನೋಡಿದೆ. ಅಂಗಡಿಯ ದೀಪದಡಿ ಮಾಗಿದ ನಿಂಬೆಹಣ್ಣಿನ ಬಣ್ಣ. ನೋಡಿ ಹೇಳುತ್ತೇನೆಂದು ಮನೆಗೆ ತಂದು, ತಾರಸಿಯ ಮೇಲೆ ಬಿಳಿ ಕಾಗದ ಮಡಿಸಿ ಆ ಮಡಿಕೆಯಲ್ಲಿ ಇಟ್ಟೆ. ಬಣ್ಣವೇ ಇಲ್ಲ. ಅಮ್ಮ ಬಗ್ಗಿ ನೋಡಿ, “ಇದೇನೋ, ಅರಿಶಿನದ ಕೈ ತೊಳೆದ ನೀರಿನ ಥರ ಇದ್ಯಲ್ಲೋ” ಅಂದರು. ಎರಡನೆಯದೂ ಹಾಗೇ ಆಯಿತು. ಮೂರನೆಯದು ಅಂಚೆಯಲ್ಲಿ ಬಂತು. ಆ ವ್ಯಾಪಾರಿಗೆ, ಬಿಳಿ ಕಾಗದದ ಮೇಲಿಟ್ಟು ತೋರಿಸಿ ಸ್ವಾಮಿ ಅಂತ ನಾಲ್ಕು ಸಲ ಕೇಳಿದ್ದೆ. ನಾಲ್ಕು ಸಲವೂ ಹಳದಿ ಹಾಳೆಯ ಮೇಲಿನ ಅದೇ ವಿಡಿಯೋ. ಹರಳು ಮಾರುವವರು ಹೀಗೆ ಮಾಡಬಾರದು.

ಅಂಗಡಿಯ ದೀಪದ್ದೇ ತಪ್ಪು ಅಂದುಕೊಂಡಿದ್ದೆ. ಆದರೆ ಮನೆಯ ಬಿಳಿ ಎಲ್‌ಇಡಿಯಲ್ಲೂ ಬಣ್ಣ ನಿಲ್ಲುತ್ತಿತ್ತು, ಬಿಸಿಲಿಗೆ ತಂದರೆ ಮಾತ್ರ ಕಳೆಗುಂದುತ್ತಿತ್ತು. ಇದು ಎರಡು ವಾರ ನಿದ್ದೆ ಕೆಡಿಸಿತು. ಕೊನೆಗೆ ಕೋಣೆ ಕತ್ತಲು ಮಾಡಿ 365 ನ್ಯಾನೋಮೀಟರಿನ ಅತಿನೇರಳೆ (ಯುವಿ) ಟಾರ್ಚ್ ಬಿಟ್ಟೆ. (ಮೊದಲು ತರಿಸಿದ ಟಾರ್ಚ್ ಮೇಲೆ 365 ಅಂತಿತ್ತು, ಬಂದದ್ದು ಬರೀ ನೇರಳೆ ಬೆಳಕು. ಕಪ್ಪು ಫಿಲ್ಟರ್ ಇರುವುದನ್ನೇ ಕೊಳ್ಳಿ.) ಹರಳು ಗ್ಯಾಸ್ ಒಲೆಯ ಉರಿಯ ಹಾಗೆ ನೀಲಿಯಾಗಿ ಹೊತ್ತಿಕೊಂಡಿತು!

ಹಳದಿ ವಜ್ರಗಳಲ್ಲಿ ಹೆಚ್ಚಿನವು ಕೇಪ್ ಜಾತಿಯವು. ಸಾರಜನಕದ ಮೂರು ಪರಮಾಣು ಒಂದು ಖಾಲಿ ಜಾಗದ ಸುತ್ತ ಕೂತು 415 ನ್ಯಾನೋಮೀಟರಿನ ಸುತ್ತಮುತ್ತಲ ನೇರಳೆಯನ್ನು ನುಂಗುತ್ತವೆ. ಹಳದಿ ಬರುವುದರಲ್ಲಿ ಅದರ ಪಾಲಿದೆ. ಅತಿನೇರಳೆ ಬಿದ್ದರೆ ಅದೇ ಗುಂಪು ನೀಲಿ ಬೆಳಕು ಸೂಸುತ್ತದೆ. ಎಲ್‌ಇಡಿಯಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ, ಬಿಸಿಲಲ್ಲಿ ಧಾರಾಳ. ನೀಲಿ ಎದ್ದು ಹಳದಿಯನ್ನು ಅಳಿಸಿಬಿಡುತ್ತದೆ. ಬಿಳಿ ವಜ್ರದಲ್ಲಿ ‘ಬ್ಲೂ ಜಾಗರ್’ ಅಂತ ನಮ್ಮ ಕಡೆ ಹುಡುಕಿ ಹುಡುಕಿ ಕೊಳ್ಳುವ ನೀಲಿಯೇ ನನಗೆ ಇಷ್ಟು ದಿನ ಕಾಟ ಕೊಟ್ಟದ್ದು. ಜೊತೆಗೆ ಹರಳು ಸಣ್ಣದಾದಷ್ಟೂ ಒಳಗೆ ಬೆಳಕು ಓಡುವ ದಾರಿ ಕಮ್ಮಿ, ಬಣ್ಣ ಮೊದಲೇ ತಿಳಿ.

ಆಮೇಲೆ ಟಾರ್ಚ್ ಜೇಬಲ್ಲಿಟ್ಟುಕೊಂಡೇ ಅಂಗಡಿ ಹತ್ತಿದೆ. ಹದಿನಾಲ್ಕು ಹರಳಿನ ಪೊಟ್ಟಣದಲ್ಲಿ ಒಂದೇ ಒಂದು ನೀಲಿಯಾಗದೆ ಉಳಿಯಿತು. ಖುಷಿಗಿಂತ ಭಯ ಹೆಚ್ಚಾಯಿತು: ಇದು ಆ ಮೂರರ ಗುಂಪಿಲ್ಲದ, ಯಂತ್ರದಲ್ಲಿ ಬೆಳೆಸಿದ್ದಾಗಿದ್ದರೆ? ಸಾರಜನಕದ ಪರಮಾಣುಗಳು ಒಂಟೊಂಟಿಯಾಗಿರುವ ವಜ್ರ ಪ್ರಕೃತಿಯಲ್ಲಿ ಬಲು ಅಪರೂಪ. ಯಂತ್ರದಲ್ಲಿ ಒತ್ತಡ, ಶಾಖ ಕೊಟ್ಟು ಬೆಳೆಸುವ ಹಳದಿ ವಜ್ರ ಸಾಮಾನ್ಯವಾಗಿ ಅದೇ ಬಗೆಯದು. ವಜ್ರವೋ ಅಲ್ಲವೋ ಹೇಳುವ ನಮ್ಮ ಪೆನ್ ಟೆಸ್ಟರ್ ನೆಲದ್ದಕ್ಕೂ ಯಂತ್ರದ್ದಕ್ಕೂ ‘ವಜ್ರ’ ಅಂತಲೇ ಪೀಪೀ ಅನ್ನುತ್ತದೆ. ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ. ನೆಲದಿಂದ ಬಂದದ್ದೇ ಅಂತ ನಿನ್ನೆ ಫೋನ್ ಬಂತು.

ಅಂದಹಾಗೆ ಮುಂದಿನದು ಅಜ್ಜಿಯ ಬುಗುಡಿ. ಕೆಂಪಿನ ಹರಳು ಎರಡು ಉದುರಿವೆ, ಹೊಂದುವ ಕೆಂಪು ಗೊತ್ತಿದ್ದರೆ ಹೇಳಿ. ಕೆಂಪಿಗೂ ಟಾರ್ಚ್ ಹಾಕಿ ನೋಡಬೇಕು, ಅದರದ್ದೇ ಬೇರೆ ಕತೆ.

ಇವತ್ತು ಹಳದಿ ಹರಳನ್ನೂ ಮೂಗುಬೊಟ್ಟನ್ನೂ ನಮ್ಮ ಬೀದಿಯ ಆಚಾರ್ರಿಗೆ ತೋರಿಸಿದೆ. ಲೂಪ್ (ಅಕ್ಕಸಾಲಿಗರ ಭೂತಗನ್ನಡಿ) ಕಣ್ಣಿಂದ ತೆಗೆಯದೆಯೇ, “ಹಿಂದೆ ತೆರೆದಿದ್ದೀಯಲ್ಲಪ್ಪ, ಮುಚ್ಚು. ಚಿನ್ನದ ಬಣ್ಣ ಒಳಗಿಂದ ಏರ್ಲಿ” ಅಂದರು. ತಳಕ್ಕೆ ಇಪ್ಪತ್ತೆರಡು ಕ್ಯಾರೆಟ್ಟಿನ ತಗಡು ಕತ್ತರಿಸಿಟ್ಟಿದ್ದೇನೆ. ನಾಳೆ ಬೆಸುಗೆ.