ಅಡಿಕೆ ಡಬ್ಬಿಯಲ್ಲಿದ್ದ ಮಾತ್ರೆಗಳು

ಕಳೆದ ದೀಪಾವಳಿಗೆ ಸಾಗರದ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆ, ಬಚ್ಚಲೊಲೆಗೆ ಸೌದೆ ಒಟ್ಟಿ ಎದ್ದ ಅಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ಹಾಗೆಯೇ ನಿಂತುಬಿಟ್ಟಳು. “ಎಂತ ಇಲ್ಲ ಮಾರಾಯ, ಕಣ್ಣಿಗೆ ಕತ್ತಲೆ ಕಟ್ಟಿದ ಹಾಗಾಯ್ತು” ಎಂದಳು. ಕೂರಿಸಿದ ಮೇಲೆ ಅವಳ ಪಾದಗಳನ್ನು ನೋಡಿದೆ. ಎರಡೂ ಬಾತಿದ್ದವು. ಗಿಣ್ಣಿನ ಮೇಲೆ ಹೆಬ್ಬೆರಳೊತ್ತಿ ತೆಗೆದರೆ ಬಿದ್ದ ಗುಳಿ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು. ತಿಂಗಳಿಂದ ಹೀಗೇ ಇದೆಯಂತೆ. ವಯಸ್ಸಾಯಿತೆಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಮೂತ್ರ ಹೋಗುವ ಮಾತ್ರೆ ತರಿಸಿಕೊಳ್ಳಿ ಎಂದು ಪಕ್ಕದ ಮನೆಯವರು ಸಲಹೆಯನ್ನೂ ಕೊಟ್ಟಿದ್ದರು. ಸದ್ಯ, ತರಿಸಿರಲಿಲ್ಲ.

ಅವಳಿಗೆಂದೇ ಒಯ್ದಿದ್ದ ಬಿ.ಪಿ. ಯಂತ್ರವನ್ನು ಆ ದಿನ ಬಿಚ್ಚಿದೆ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ ಅಳೆದಾಗ 118/70 ಬಂತು. ಎದ್ದು ನಿಂತ ಮೂರನೆಯ ನಿಮಿಷಕ್ಕೆ ಅದು 94/60ಕ್ಕೆ ಇಳಿದಿತ್ತು. ನಿಂತಾಗ ಮೇಲಿನ ಅಂಕಿ 20ರಷ್ಟು ಇಳಿದರೂ ಅದನ್ನು ಗಂಭೀರವಾಗಿ ಪರಿಗಣಿಸಬೇಕೆಂದು ನನಗೆ ಗೊತ್ತಿತ್ತು.

ಮಾತ್ರೆ ತೋರಿಸು ಎಂದೆ. ಅಡಿಕೆ ಹಾಕಿಡುತ್ತಿದ್ದ ಸ್ಟೀಲ್ ಡಬ್ಬಿಯನ್ನು ತಂದಿಟ್ಟಳು. ಎಂಟು ವರ್ಷದಿಂದ ಬೆಳಿಗ್ಗೆ ನುಂಗುತ್ತಿದ್ದ ಬಿ.ಪಿ. ಮಾತ್ರೆ, 5 ಮಿ.ಗ್ರಾಂ. ಆಮ್ಲೋಡಿಪಿನ್, ಅದರಲ್ಲಿತ್ತು. ಸೆಪ್ಟೆಂಬರಿನಲ್ಲಿ ಬಿ.ಪಿ. 160ರ ಮೇಲೆ ಹೋದಾಗ ವೈದ್ಯರು ಬರೆದ ಹೊಸ ಸ್ಟ್ರಿಪ್ಪೂ ಇತ್ತು. ಅದರ ಹಿಂಬದಿಯ ಸಣ್ಣಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದೆ: ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5. ಬಿ.ಪಿ.ಯ ಎರಡು ಔಷಧಗಳನ್ನು ಕೂಡಿಸಿದ ಒಂದೇ ಮಾತ್ರೆ ಅದು. ಹಳೆಯದರ ಬದಲಿಗೆ ಕೊಟ್ಟದ್ದು. ಅಮ್ಮ ಅದನ್ನು ಹಳೆಯದರ ಜೊತೆಗೆ ನುಂಗುತ್ತಿದ್ದಳು. ಹಳೆಯದನ್ನು ಬಿಡಿ ಎಂದು ಯಾರೂ ಹೇಳಲಿಲ್ಲವೋ, ಹೇಳಿದ್ದು ಇವಳಿಗೆ ಕೇಳಿಸಲಿಲ್ಲವೋ, ಆ ಜಗಳಕ್ಕೆ ನಾನು ಹೋಗಲಿಲ್ಲ. ದಿನಕ್ಕೆ 10 ಮಿ.ಗ್ರಾಂ. ಆಮ್ಲೋಡಿಪಿನ್ ಹೊಟ್ಟೆಗೆ ಹೋಗುತ್ತಿತ್ತು. ಪ್ರಮಾಣ ಏರಿದಂತೆ ಕಾಲು ಬಾತುಕೊಳ್ಳುವ ಸಾಧ್ಯತೆ ಹೆಚ್ಚಾಗುವುದು ಆ ಔಷಧದ ಸ್ವಭಾವ.

ಎರಡು ದಿನ ಎಲ್ಲವನ್ನೂ ನಿಲ್ಲಿಸಿಬಿಡೋಣ ಎಂದು ನನಗೆ ಅನ್ನಿಸಿತ್ತು. ಫೋನಿನಲ್ಲಿ ಸಿಕ್ಕ ವೈದ್ಯರು ಅದಕ್ಕೆ ಒಪ್ಪದೆ, ಹಳೆಯದನ್ನು ಮಾತ್ರ ಬಿಡಿ, ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಅಂಚಿನಲ್ಲಿ ಕುಳಿತು ಆಮೇಲೆ ಏಳಲಿ ಎಂದರು. ಟೆಲ್ಮಿಸಾರ್ಟನ್ ಶುರುವಾದ ಮೇಲೆ ನೋಡಬೇಕಿದ್ದ ರಕ್ತದ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನು ಕೂಡಲೇ ಮಾಡಿಸಲು ಹೇಳಿದರು. ಬೇರೆ ಮಾತ್ರೆ ಏನಾದರೂ ಇದೆಯೇ ಎಂದು ಕೇಳಿದಾಗ ಅಮ್ಮ ಡಬ್ಬಿಯ ತಳದಿಂದ ಇನ್ನೊಂದನ್ನು ತೆಗೆದಳು: ಮಂಡಿನೋವಿಗೆ ಅಂಗಡಿಯಿಂದ ತರಿಸಿಕೊಂಡಿದ್ದ ಡೈಕ್ಲೋಫೆನಾಕ್. ಮಳೆಗಾಲವಿಡೀ ಅದನ್ನು ನುಂಗಿದ್ದಳು. ಬಿ.ಪಿ. ಏರಿಸುವ ನೋವಿನ ಮಾತ್ರೆ ಅದು. ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಮೂತ್ರಪಿಂಡಕ್ಕೂ ಹೊರೆ. ಸೆಪ್ಟೆಂಬರಿನ 160ರಲ್ಲಿ ಇದರ ಪಾಲೂ ಇದ್ದಿರಬಹುದು, ಬಿಟ್ಟು ನೋಡೋಣ, ಆಮೇಲೆ ಡೋಸಿನ ಮಾತು ಎಂದರು ವೈದ್ಯರು.

ಎರಡು ವಾರದಲ್ಲಿ ಬಾವು ಇಳಿಯಿತು. ರಕ್ತಪರೀಕ್ಷೆಯಲ್ಲಿ ತೊಂದರೆಯೇನೂ ಕಾಣಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಅಮ್ಮ ಈಗ ಬೆಳಿಗ್ಗೆ ಸಂಜೆಯ ಬಿ.ಪಿ. ಬರೆಯುತ್ತಾಳೆ. ಹಳೆಯ ಮಾತ್ರೆಯ ಅರ್ಧ ಸ್ಟ್ರಿಪ್ಪನ್ನು ಮಾತ್ರ ನಾನು ಕೇಳಿದಾಗ ಸುಲಭವಾಗಿ ಕೊಡಲಿಲ್ಲ. “ದುಡ್ಡು ಕೊಟ್ಟು ತಂದದ್ದು, ಸುಮ್ಮನೆ ಎಸೆಯೋದಾ?” ಎಂದಳು.